ಉಪ್ಪುನೀರಿನ ಮೇಲಿನ ಹಳೆಯ ರೈಲು ಸೇತುವೆ: ಪಾಂಬನ್ ಹೇಳಿಕೊಡುವ ದೋಷ ಪತ್ತೆಯ ಕ್ರಮ

1964ರ ಡಿಸೆಂಬರ್ 22ರ ರಾತ್ರಿ ಬೀಸಿದ ಚಂಡಮಾರುತ, 23ರ ಬೆಳಗಾಗುವಷ್ಟರಲ್ಲಿ ರಾಮೇಶ್ವರ ದ್ವೀಪಕ್ಕೆ ಹೋಗುವ ಪಾಂಬನ್ ರೈಲು ಸೇತುವೆಯ ನೂರಿಪ್ಪತ್ತಕ್ಕೂ ಹೆಚ್ಚು ಗರ್ಡರುಗಳನ್ನು, ಅಂದರೆ ಕಂಬದಿಂದ ಕಂಬಕ್ಕೆ ಹಾಸಿದ ಉಕ್ಕಿನ ತೊಲೆಗಳನ್ನು, ಕಡಲಿಗೆ ಕೆಡವಿತ್ತು. 2022ರ ಡಿಸೆಂಬರ್ 23ರಂದು ಅದೇ ಸೇತುವೆಯ ಮೇಲೆ ರೈಲು ಸಂಚಾರ ಮತ್ತೊಮ್ಮೆ ನಿಂತಿತು. ಈ ಸಲ ನಿಂತದ್ದು ಮತ್ತೆ ಶುರುವಾಗಲೇ ಇಲ್ಲ. ಎರಡು ತಾರೀಖುಗಳ ನಡುವೆ ಐವತ್ತೆಂಟು ವರ್ಷಗಳಿವೆ. ಮೊದಲ ಪೆಟ್ಟು ಕೊಟ್ಟದ್ದು ಒಂದು ರಾತ್ರಿಯ ಗಾಳಿ ಮತ್ತು ಅಲೆ. ಅದನ್ನು 46 ದಿನಗಳಲ್ಲಿ ಸರಿಪಡಿಸಿದರು. ಎರಡನೆಯ ಪೆಟ್ಟು ತುಕ್ಕಿನದು. ಅದಕ್ಕೆ ದುರಸ್ತಿ ಸಾಲದೆ, ಪಕ್ಕದಲ್ಲಿ ಹೊಸ ಸೇತುವೆಯನ್ನೇ ಕಟ್ಟಬೇಕಾಯಿತು.

ಇನ್ನೂ ಒಂದು ಸಂಗತಿಯನ್ನು ಇದರ ಜೊತೆಗಿಟ್ಟು ನೋಡಬೇಕು. 1964ರಲ್ಲಿ ಸಣ್ಣ ಗರ್ಡರುಗಳು ಕೊಚ್ಚಿಹೋದವು, ಹಡಗಿಗೆ ದಾರಿ ಬಿಡಲು ತೆರೆದುಕೊಳ್ಳುವ ನಡುವಿನ ಭಾಗ ಅಲ್ಲಾಡದೆ ನಿಂತಿತು. 2018ರಲ್ಲಿ ಮತ್ತು 2022ರಲ್ಲಿ ಸೇತುವೆಯನ್ನು ಮುಚ್ಚಿಸಿದ್ದು ಚಂಡಮಾರುತವನ್ನು ಗೆದ್ದ ಅದೇ ಭಾಗ. ಉಪ್ಪುನೀರಿನ ಮೇಲಿರುವ ಹಳೆಯ ಉಕ್ಕಿನ ಸೇತುವೆಯ ಜವಾಬ್ದಾರಿ ಹೊತ್ತವರು ಯಾರೇ ಇರಲಿ, ಮೊದಲು ಮನಸ್ಸಿಗೆ ತಂದುಕೊಳ್ಳಬೇಕಾದದ್ದು ಇದು: ಬಲವಾದ ಭಾಗ ಬೇರೆ, ಆರೋಗ್ಯವಾಗಿರುವ ಭಾಗ ಬೇರೆ. ಒಂದು ಪರೀಕ್ಷೆಯಲ್ಲಿ ಗೆದ್ದ ಅಂಗವನ್ನು ಇನ್ನೊಂದು ಪರೀಕ್ಷೆಯಿಂದ ಬಿಟ್ಟುಬಿಡುವಂತಿಲ್ಲ.

ನಾನು ಹಲವು ವರ್ಷ ಕರಾವಳಿಯ ಅಳಿವೆಗಳಲ್ಲಿ ಕಬ್ಬಿಣದ ಕಾಲುಸೇತುವೆ, ಧಕ್ಕೆ, ಪೈಪು ಸೇತುವೆಗಳ ತಪಾಸಣೆ ಮಾಡಿದವನು. ಪಾಂಬನ್ ಸೇತುವೆಯ ಮೇಲೆ ನಾನು ಬರಿಯ ಪ್ರಯಾಣಿಕ. ಆದರೂ ಹೊಸಬರಿಗೆ ಕೆಲಸ ಕಲಿಸುವಾಗ ನಾನು ಕೈಗೆತ್ತಿಕೊಳ್ಳುತ್ತಿದ್ದದ್ದು ಆ ಸೇತುವೆಯ ಚರಿತ್ರೆಯನ್ನೇ. ಈ ಬರಹದಲ್ಲಿರುವುದು ಅದೇ ಕ್ರಮ.

ಮೊದಲು ಸೇತುವೆಯನ್ನು ಓದಿಕೊಳ್ಳಿ

ಸುತ್ತಿಗೆ ಹಿಡಿದು ಹತ್ತುವ ಮೊದಲು, ಯಾವ ಭಾಗ ಯಾವಾಗ ಬಂತು, ಯಾರ ಭಾರಕ್ಕೆಂದು ಬಂತು ಎಂಬುದು ತಿಳಿದಿರಬೇಕು. ಅರ್ಧ ರೋಗನಿರ್ಣಯ ಅಲ್ಲೇ ಆಗಿಹೋಗುತ್ತದೆ.

ಹಳೆಯ ಪಾಂಬನ್ ಸೇತುವೆ ತಮಿಳುನಾಡಿನ ಮಂಡಪಂ ಕಡೆಯ ನೆಲವನ್ನು ರಾಮೇಶ್ವರ ದ್ವೀಪಕ್ಕೆ ಜೋಡಿಸುತ್ತಿತ್ತು. ಕೆಲಸ ಆರಂಭವಾದದ್ದು 1911ರಲ್ಲಿ, ಸಂಚಾರಕ್ಕೆ ತೆರೆದದ್ದು 1914ರ ಫೆಬ್ರವರಿ 24ರಂದು. ಆಗಿನ ಉದ್ದೇಶ ತೀರ್ಥಯಾತ್ರೆ ಮಾತ್ರವಾಗಿರಲಿಲ್ಲ. ಮದರಾಸಿನಿಂದ ಬರುವ ಬೋಟ್ ಮೇಲ್ ರೈಲು ದ್ವೀಪದ ತುದಿಯ ಧನುಷ್ಕೋಡಿಗೆ ತಲುಪಿ, ಅಲ್ಲಿಂದ ಪ್ರಯಾಣಿಕರು ಹಡಗಿನಲ್ಲಿ ಸಿಂಹಳದ ತಲೈಮನ್ನಾರಿಗೆ ಹೋಗುವ ದಾರಿ ಅದು. ಸೇತುವೆ ಎರಡು ಕಿಲೋಮೀಟರಿಗಿಂತ ಸ್ವಲ್ಪ ಉದ್ದ, ಸುಮಾರು 2,065 ಮೀಟರ್. ನಮ್ಮವರಿಗೆ ಅಂದಾಜು ಸಿಗಬೇಕಾದರೆ ಹೊನ್ನಾವರದಲ್ಲಿ ಶರಾವತಿಯ ಮೇಲೆ ಕೊಂಕಣ ರೈಲ್ವೆಯವರು ಕಟ್ಟಿರುವ ಸೇತುವೆಯನ್ನು ನೆನಪಿಸಿಕೊಳ್ಳಿ. ಅದರ ಉದ್ದವೂ ಹೆಚ್ಚುಕಡಿಮೆ ಇಷ್ಟೇ.

ಈ ಉದ್ದದ ಬಹುಪಾಲು 12 ಮೀಟರಿನ, ಅಂದರೆ 40 ಅಡಿಯ, ಸಣ್ಣ ಸಣ್ಣ ಉಕ್ಕಿನ ಗರ್ಡರುಗಳ ಸಾಲು. ನಡುವೆ ಒಂದೇ ಒಂದು ಕಡೆ ಸುಮಾರು 61 ಮೀಟರಿನ ತೆರಪು, ಅದರ ಮೇಲೆ ಎರಡು ರೆಕ್ಕೆಗಳ ತೆರೆಯುವ ಸೇತುವೆ. ಅಮೆರಿಕದ ಶಿಕಾಗೋದ ಎಂಜಿನಿಯರ್ ವಿಲಿಯಂ ಶೆರ್ಜರ್ ರೂಪಿಸಿದ ಮಾದರಿಯಾದ್ದರಿಂದ ಅದಕ್ಕೆ ಶೆರ್ಜರ್ ಎಂಬ ಹೆಸರೇ ನಿಂತಿತು. ಒಂದೊಂದು ರೆಕ್ಕೆಯ ತೂಕ ನೂರಾರು ಟನ್. ತೊಟ್ಟಿಲಿನ ಬುಡದಂತೆ ಬಾಗಿದ ಹಿಂಬದಿಯ ಮೇಲೆ ಅದು ಉರುಳುತ್ತ ಹಿಂದಕ್ಕೆ ವಾಲುತ್ತದೆ, ಮೂತಿ ಮೇಲೇಳುತ್ತದೆ. ಹಿಂಭಾಗದ ಪ್ರತಿಭಾರ ಮುಂಭಾಗದ ತೂಕವನ್ನು ಸರಿತೂಗಿಸುವುದರಿಂದ, ಕೆಲವೇ ಆಳುಗಳು ಸನ್ನೆಕೋಲು ಹಿಡಿದು ಸುತ್ತಿದರೆ ಸಾಕು, ಅಷ್ಟು ಉಕ್ಕು ತೆರೆದುಕೊಳ್ಳುತ್ತಿತ್ತು. ನೂರು ವರ್ಷಕ್ಕೂ ಮೀರಿ ಈ ಕೆಲಸ ಕೈಯಿಂದಲೇ ನಡೆಯಿತು. ಅದನ್ನು ತಿರುಗಿಸಿದ ಪ್ರತಿಯೊಂದು ಕೈಯ ಬಗ್ಗೆಯೂ ನನಗೆ ಗೌರವವಿದೆ.

ಇನ್ನು ಭಾರದ ಲೆಕ್ಕ. ಸೇತುವೆ ಹುಟ್ಟಿದ್ದು ಮೀಟರ್ ಗೇಜಿಗೆ. 2007ರಲ್ಲಿ ಅದನ್ನು ಬಲಪಡಿಸಿ ಬ್ರಾಡ್ ಗೇಜಿಗೆ ಬದಲಿಸಿದರು. ತೊಂಬತ್ತಮೂರು ವರ್ಷದ ಉಕ್ಕಿನ ಮೇಲೆ ಹೊಸ, ಹೆಚ್ಚಿನ ಭಾರ ಬಂತು. 1988ರವರೆಗೆ, ಅಂದರೆ ಪಕ್ಕದ ರಸ್ತೆ ಸೇತುವೆ ಆಗುವವರೆಗೆ, ದ್ವೀಪಕ್ಕೆ ನೆಲದ ಮೇಲಿನಿಂದ ಹೋಗಲು ಇದೊಂದೇ ದಾರಿ. ಹಾಗಾಗಿ ದುರಸ್ತಿಗೆಂದು ದೀರ್ಘಕಾಲ ಮುಚ್ಚುವುದು ಸುಲಭದ ಮಾತಾಗಿರಲಿಲ್ಲ. ನಿಮ್ಮ ಸೇತುವೆಗೂ ಇಂಥದೊಂದು ಜಾತಕ ಬರೆದುಕೊಳ್ಳಿ: ಹುಟ್ಟಿದ ವರ್ಷ, ಮೂಲ ಭಾರ, ಈಗಿನ ಭಾರ, ಹಿಂದೆ ಬಿದ್ದ ಪೆಟ್ಟುಗಳು. 2013ರ ಜನವರಿಯಲ್ಲಿ ಒಂದು ಬಾರ್ಜ್ (ಚಪ್ಪಟೆ ತಳದ ದೊಡ್ಡ ದೋಣಿ) ಪಾಂಬನ್ ಸೇತುವೆಗೆ ಬಂದು ಬಡಿದಿತ್ತು. ಅಂಥ ಪೆಟ್ಟೂ ಜಾತಕದಲ್ಲಿರಬೇಕು.

ಒಮ್ಮೆಲೇ ಬಂದದ್ದೋ, ಬೆಳೆದು ಬಂದದ್ದೋ?

ಯಾವ ದೋಷ ಕಂಡರೂ ಕೇಳಬೇಕಾದ ಮೊದಲ ಪ್ರಶ್ನೆ ಇದು. ನಿನ್ನೆಯವರೆಗೆ ಇರಲಿಲ್ಲ, ಇವತ್ತು ಇದೆ ಎಂದಾದರೆ ಹೊರಗಿನ ಪೆಟ್ಟನ್ನು ಹುಡುಕಬೇಕು. ಬಣ್ಣದ ಕೆಳಗಿನಿಂದ ಇಣುಕುತ್ತಿದೆ, ಹಳೆಯ ಫೋಟೋದಲ್ಲೂ ಸಣ್ಣದಾಗಿ ಕಾಣುತ್ತದೆ ಎಂದಾದರೆ ಒಳಗಿನ ಸವೆತವನ್ನು ಹುಡುಕಬೇಕು. ಎರಡನ್ನೂ ಕಲಸಿಬಿಟ್ಟರೆ ಮದ್ದು ತಪ್ಪುತ್ತದೆ.

1964ರ ಹಾನಿಯನ್ನೇ ಓದಿ ನೋಡಿ. ಕಂಬಗಳು ಬಹುಪಾಲು ನಿಂತಿದ್ದವು, ಅವುಗಳ ಮೇಲಿದ್ದ ಗರ್ಡರುಗಳು ಹೋಗಿದ್ದವು, ನೂರಾರು ಟನ್ನಿನ ಶೆರ್ಜರ್ ರೆಕ್ಕೆಗಳು ಉಳಿದಿದ್ದವು. ಈ ಮೂರು ಸಾಲಿನಲ್ಲೇ ಉತ್ತರವಿದೆ. ಬುನಾದಿ ಸೋತಿದ್ದರೆ ಕಂಬ ವಾಲುತ್ತಿತ್ತು. ಉಕ್ಕು ಸವೆದು ಮುರಿದಿದ್ದರೆ ತುಂಡುಗಳು ಕಂಬದ ಬುಡದಲ್ಲೇ ಬೀಳುತ್ತಿದ್ದವು. ಇಲ್ಲಿ ಹಗುರವಾದದ್ದು ಹೋಯಿತು, ಭಾರವಾದದ್ದು ಉಳಿಯಿತು. ಅಂದರೆ ಅಲೆ ಕೆಳಗಿನಿಂದ ಎತ್ತಿ ಗಾಳಿ ಪಕ್ಕದಿಂದ ನೂಕಿದೆ. ಸೋತದ್ದು ಗರ್ಡರ್ ಕಂಬದ ಮೇಲೆ ಕೂರುವ ಜಾಗ. ಉಕ್ಕು ಗಟ್ಟಿಯಾಗಿಯೇ ಇತ್ತು ಎಂಬುದಕ್ಕೆ ಇನ್ನೊಂದು ಸಾಕ್ಷಿ: ಮೀನುಗಾರರು ಕೊಟ್ಟ ಸುಳಿವು ಹಿಡಿದು ಕಡಲ ತಳದಿಂದ ಗರ್ಡರುಗಳನ್ನು ಮೇಲೆತ್ತಿ ಮತ್ತೆ ಅದೇ ಕಂಬಗಳ ಮೇಲೆ ಕೂರಿಸಿದರು. ಆ ಕೆಲಸದ ಹೊಣೆ ಹೊತ್ತವರು ಆಗ ಮೂವತ್ತೆರಡು ವರ್ಷದ ಇ. ಶ್ರೀಧರನ್. ರೈಲ್ವೆ ಆರು ತಿಂಗಳ ಗಡುವು ಹಾಕಿಕೊಂಡಿತ್ತು, ಅವರ ಮೇಲಧಿಕಾರಿ ಅದನ್ನು ಮೂರಕ್ಕೆ ಇಳಿಸಿದ್ದರು, ಮುಗಿದದ್ದು 46 ದಿನಗಳಲ್ಲಿ. ಮುಂದೆ ಕೊಂಕಣ ರೈಲ್ವೆಯ ಮುಖ್ಯಸ್ಥರಾಗಿ ಅವರು ನಮ್ಮ ಕರಾವಳಿಗೂ ಬಂದರು. ದೋಷ ಎಲ್ಲಿದೆ ಎಂಬುದಕ್ಕಿಂತ ಎಲ್ಲಿಲ್ಲ ಎಂಬುದು ಖಚಿತವಾದರೆ ಕೆಲಸ ಎಷ್ಟು ಬೇಗ ಸಾಗುತ್ತದೆ ಎಂಬುದಕ್ಕೆ ನಾನು ಈ 46 ದಿನಗಳನ್ನು ತೋರಿಸುತ್ತೇನೆ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ತಿದ್ದಬೇಕು. ಆ ರಾತ್ರಿ ಪ್ರಯಾಣಿಕರ ರೈಲೊಂದು ಸೇತುವೆಯಿಂದ ಕಡಲಿಗೆ ಬಿತ್ತೆಂದು ಅನೇಕರು ನಂಬಿದ್ದಾರೆ. ಅದು ಹಾಗಲ್ಲ. ಪಾಂಬನ್‌ನಿಂದ ಧನುಷ್ಕೋಡಿಗೆ ಹೊರಟ ಪ್ಯಾಸೆಂಜರ್ ರೈಲು ಅಲೆಗೆ ಸಿಕ್ಕಿದ್ದು ದ್ವೀಪದ ಮೇಲೆ, ಧನುಷ್ಕೋಡಿ ನಿಲ್ದಾಣ ಇನ್ನೇನು ಸಿಗಬೇಕು ಎನ್ನುವಲ್ಲಿ. ನೂರಕ್ಕೂ ಹೆಚ್ಚು ಜೀವ ಹೋಯಿತು. ಆ ದುಃಖವನ್ನು ಸೇತುವೆಯ ಲೆಕ್ಕಕ್ಕೆ ಬರೆದರೆ ಸೇತುವೆಯ ದೋಷವೂ ತಪ್ಪಾಗಿ ಕಾಣುತ್ತದೆ, ಅವರ ಸಾವಿನ ಕಾರಣವೂ ಮುಚ್ಚಿಹೋಗುತ್ತದೆ.

ಗಾಳಿಯ ಭಯಕ್ಕೆ ಮುಂದೆ ಕಂಡುಕೊಂಡ ಮದ್ದು ಸರಳ. ಸೇತುವೆಯ ಮೇಲೆ ಗಾಳಿಯ ವೇಗ ಅಳೆಯುವ ಯಂತ್ರವಿಟ್ಟು, ಗಂಟೆಗೆ 58 ಕಿಲೋಮೀಟರ್ ದಾಟಿದರೆ ಸಿಗ್ನಲ್ ಕೆಂಪಾಗುವಂತೆ ಮಾಡಿದರು. ಗಾಳಿಯನ್ನು ತಡೆಯಲಾಗದು, ರೈಲನ್ನು ತಡೆಯಬಹುದು.

ತುಕ್ಕು: ಕಣ್ಣಿಗೆ ಬೀಳುವ ಜಾಗದಲ್ಲಿ ಹುಡುಕಬೇಡಿ

ಇನ್ನು ಬೆಳೆದು ಬರುವ ದೋಷ. ಕರಾವಳಿಯಲ್ಲಿ ಇದೇ ಮುಖ್ಯ.

ಹೊಸಬರು ಮಾಡುವ ಮೊದಲ ತಪ್ಪೆಂದರೆ, ನೀರಿನೊಳಗಿರುವ ಉಕ್ಕಿಗೇ ಹೆಚ್ಚು ಅಪಾಯ ಎಂದುಕೊಳ್ಳುವುದು. ಸದಾ ಮುಳುಗಿರುವ ಉಕ್ಕಿಗೆ ಉಪ್ಪು ಸಿಗುತ್ತದೆ, ಆದರೆ ಗಾಳಿಯ ಆಮ್ಲಜನಕ ಕಡಿಮೆ. ಎತ್ತರದ ಉಕ್ಕಿಗೆ ಗಾಳಿ ಸಿಗುತ್ತದೆ, ನೀರು ಕಡಿಮೆ. ಎರಡೂ ಧಾರಾಳವಾಗಿ ಸಿಗುವುದು ಉಬ್ಬರದ ಗೆರೆಯಿಂದ ತುಸು ಮೇಲೆ, ತುಂತುರು ಬಡಿದು ಒಣಗಿ ಮತ್ತೆ ಒದ್ದೆಯಾಗುವ ಪಟ್ಟಿಯಲ್ಲಿ. ರಕ್ಷಣೆಯಿಲ್ಲದ ಉಕ್ಕು ಅಲ್ಲಿ ವರ್ಷಕ್ಕೆ ಮಿಲಿಮೀಟರಿನ ಹತ್ತನೇ ಒಂದು ಭಾಗದಿಂದ ಹತ್ತನೇ ಮೂರು ಭಾಗದವರೆಗೆ ಸವೆಯುವುದು ಸಾಮಾನ್ಯ. ಹತ್ತು ಮಿಲಿಮೀಟರಿನ ತಗಡು ಎರಡು ಕಡೆಯಿಂದ ಒಂದೊಂದು ಮಿಲಿಮೀಟರ್ ಕಳೆದುಕೊಂಡರೆ ಐದನೇ ಒಂದು ಭಾಗ ಹೋದ ಹಾಗೆ. ಇಳಿತದ ಗೆರೆಯ ಸ್ವಲ್ಪ ಕೆಳಗೆ ಇನ್ನೊಂದು ಕೆಟ್ಟ ಪಟ್ಟಿ ಇರುವುದುಂಟು. ಅದನ್ನು ನೋಡಲು ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಇಳಿತಕ್ಕೆ ಕಾಯಬೇಕು.

ಪಾಂಬನ್ ಬಳಿ ಉಬ್ಬರ ಇಳಿತದ ಅಂತರ ಒಂದು ಮೀಟರನ್ನೂ ಮುಟ್ಟುವುದಿಲ್ಲ. ಆದರೆ ಸೇತುವೆಯ ಒಂದು ಪಕ್ಕ ಪಾಕ್ ಕೊಲ್ಲಿ, ಇನ್ನೊಂದು ಪಕ್ಕ ಮನ್ನಾರ್ ಕೊಲ್ಲಿ. ಈಶಾನ್ಯ ಮಾರುತದಲ್ಲಿ ನೀರು ಒಂದು ದಿಕ್ಕಿಗೆ ನುಗ್ಗಿದರೆ ನೈಋತ್ಯ ಮಾರುತದಲ್ಲಿ ಇನ್ನೊಂದು ದಿಕ್ಕಿಗೆ. ಗರ್ಡರುಗಳಿಗೆ ಎರಡೂ ಮಗ್ಗುಲಿನಿಂದ ಉಪ್ಪಿನ ತುಂತುರು, ಮೇಲಿನಿಂದ ಸುಡು ಬಿಸಿಲು. ಮೇಲುಗಡೆಯಿಂದಲೇ ಬರುತ್ತಿದ್ದ ಇನ್ನೊಂದು ಕಾಟವನ್ನು ಜನ ಮರೆಯುತ್ತಾರೆ: ರೈಲಿನ ಶೌಚಾಲಯಗಳಿಂದ ನೇರವಾಗಿ ಹಳಿಗೆ, ಗರ್ಡರಿಗೆ ಬೀಳುತ್ತಿದ್ದ ಹೊಲಸು. ಅದು ಉಕ್ಕನ್ನು ಉಪ್ಪಿನಷ್ಟೇ ನಿರ್ದಾಕ್ಷಿಣ್ಯವಾಗಿ ತಿನ್ನುತ್ತದೆ. 2016ರ ಜುಲೈಯಲ್ಲಿ ರಾಮೇಶ್ವರ–ಮಾನಾಮದುರೈ ಮಾರ್ಗವನ್ನು, ಅಲ್ಲಿ ಓಡುವ ರೈಲುಗಳಿಗೆಲ್ಲ ಜೈವಿಕ ಶೌಚಾಲಯ ಅಳವಡಿಸಿ, ದೇಶದ ಮೊದಲ ಹಸಿರು ರೈಲು ಮಾರ್ಗವೆಂದು ಘೋಷಿಸಿದರು. ಶುಚಿತ್ವದ ಸುದ್ದಿಯೆಂದು ಪತ್ರಿಕೆಗಳು ಅದನ್ನು ಬರೆದವು. ನನ್ನ ಕಣ್ಣಿಗೆ ಅದು ಸೇತುವೆಯ ಆಯಸ್ಸಿನ ಸುದ್ದಿಯೂ ಆಗಿತ್ತು.

ತುಕ್ಕು ನಿಜವಾಗಿ ಕೂತಿರುವುದು ಎಲ್ಲಿ? ನೀರು ನಿಲ್ಲುವಲ್ಲಿ, ಧೂಳು ಕೂರುವಲ್ಲಿ, ಎರಡು ತಗಡು ಕೂಡುವಲ್ಲಿ, ಬಣ್ಣದ ಕುಂಚ ಹೋಗದಲ್ಲಿ. ನನ್ನದೇ ಒಂದು ಪ್ರಸಂಗ ಹೇಳುತ್ತೇನೆ. ಅಳಿವೆಯೊಂದರ ಮೇಲಿನ ಕಾಲುಸೇತುವೆ. ಮಳೆಗಾಲದ ಮೊದಲು ಮೂರು ಪದರ ಬಣ್ಣ ಬಳಿಸಿದ್ದೆವು. ದೀಪಾವಳಿಯ ಹೊತ್ತಿಗೆ ಕೆಳಗಿನ ಕೋನಪಟ್ಟಿಯ (ಎಲ್ ಆಕಾರದ ಉಕ್ಕಿನ ಪಟ್ಟಿ) ಮೇಲೆ ಹಪ್ಪಳ ಉಬ್ಬಿದಂತೆ ಬೊಬ್ಬೆಗಳು. ಬಣ್ಣ ಕಳಪೆ ಎಂದು ಎಲ್ಲರೂ ಅಂದರು, ನಾನೂ ಅಂದೆ. ಸಂಶಯ ಬಿಡಲಿಲ್ಲ. ಇಳಿತದ ಹೊತ್ತಿಗೆ ದೋಣಿಯಲ್ಲಿ ಕೆಳಗೆ ಹೋಗಿ ನೋಡಿದರೆ, ಕೋನಪಟ್ಟಿಯಲ್ಲಿ ನೀರು ಹೊರಹೋಗಲು ಬಿಟ್ಟಿದ್ದ ತೂತು ಮಣ್ಣು, ಹಕ್ಕಿಯ ಹಿಕ್ಕೆ, ಮೀನಿನ ಪೊರೆ ಸೇರಿ ಮುಚ್ಚಿಹೋಗಿತ್ತು. ಒಳಗೆ ಬೆರಳುದ್ದ ನೀರು. ಬೆರಳದ್ದಿ ನಾಲಿಗೆಗೆ ಮುಟ್ಟಿಸಿದೆ, ಅಳಿವೆಯ ನೀರಿಗಿಂತ ಉಪ್ಪು. ಬಿಸಿಲಿಗೆ ಆವಿಯಾಗುತ್ತ, ತುಂತುರಿಗೆ ತುಂಬುತ್ತ ತಿಂಗಳುಗಟ್ಟಲೆ ಗಟ್ಟಿಯಾದ ಉಪ್ಪುನೀರು. ಸ್ಕ್ರೂಡ್ರೈವರಿನ ತುದಿಯನ್ನು ಬೊಬ್ಬೆಯ ಮೇಲಿಟ್ಟು ಅಂಗೈಯಿಂದ ಒತ್ತಿದೆ. ಅದು ತಗಡನ್ನು ದಾಟಿ ಹಿಡಿಯವರೆಗೆ ಒಳಹೋಯಿತು. ಹೊರಗೆಳೆದಾಗ ಕಂದು ನೀರು ಮಣಿಕಟ್ಟಿನ ಮೇಲೆ ಇಳಿಯಿತು. ಆ ಪಟ್ಟಿಯ ಮೇಲೆ ಆ ಬೆಳಿಗ್ಗೆಯೂ ಶಾಲೆಯ ಮಕ್ಕಳು ದಾಟಿದ್ದರು.

ಅಂದಿನಿಂದ ನನ್ನ ಕ್ರಮ ಬದಲಾಗಿಲ್ಲ. ಮೊದಲು ನೀರಿನ ತೂತುಗಳನ್ನೆಲ್ಲ ತಂತಿ ಹಾಕಿ ಬಿಡಿಸುತ್ತೇನೆ. ಆಮೇಲೆ ಸಿಹಿನೀರಿನಿಂದ ತೊಳೆಸುತ್ತೇನೆ. ಉಪ್ಪಿನ ಮೇಲೆ ಬಳಿದ ಬಣ್ಣ ಗಾಳಿಯ ತೇವವನ್ನು ಒಳಗೆಳೆದುಕೊಂಡು ಬೊಬ್ಬೆ ಏಳುತ್ತದೆ. ಬಣ್ಣ ಎಷ್ಟೇ ದುಬಾರಿಯದಾದರೂ ಇದಕ್ಕೆ ವಿನಾಯಿತಿ ಇಲ್ಲ. ತುಕ್ಕನ್ನು ಲೋಹದ ಹೊಳಪು ಕಾಣುವವರೆಗೆ ಕೆರೆಸಿ, ಉಳಿದ ದಪ್ಪವನ್ನು ಅಲ್ಟ್ರಾಸೋನಿಕ್ ಗೇಜಿನಿಂದ (ಶಬ್ದತರಂಗ ಹಾಯಿಸಿ ದಪ್ಪ ತಿಳಿಸುವ ಉಪಕರಣ) ಅಳೆದು ಬರೆದುಕೊಂಡು, ಅದೇ ದಿನ ಮೊದಲ ಲೇಪ ಕೊಡಿಸುತ್ತೇನೆ. ಕೆರೆಯದೆ ಅಳೆದರೆ ಗೇಜು ಮೋಸ ಮಾಡುತ್ತದೆ.

ಎರಡು ತಗಡುಗಳ ನಡುವೆ ಕೂತ ತುಕ್ಕಿನ ಬಗ್ಗೆ ವಿಶೇಷ ಎಚ್ಚರ ಬೇಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುತ್ತದೆ. ಜಾಗವಿಲ್ಲದಾಗ ತಗಡುಗಳನ್ನೇ ದೂಡುತ್ತದೆ. ಗರ್ಡರಿನ ಅಂಚನ್ನು ಉದ್ದಕ್ಕೆ ಒಂದು ಕಣ್ಣು ಮುಚ್ಚಿ ನೋಡಿ. ತಗಡುಗಳನ್ನು ಸೇರಿಸಿ ಬಡಿದ ಗುಂಡುತಲೆಯ ಮೊಳೆಯೇ ರಿವೆಟ್; ಅಂಚು ರಿವೆಟ್ಟಿನಿಂದ ರಿವೆಟ್ಟಿಗೆ ಅಲೆಯಲೆಯಾಗಿ ಉಬ್ಬಿದ್ದರೆ ಒಳಗೆ ತುಕ್ಕಿನ ಪದರ ಕಟ್ಟಿದೆ ಎಂದೇ ತಿಳಿಯಿರಿ.

ರಿವೆಟ್ಟಿಗೆ ಬೆರಳಿಡಿ, ಆಮೇಲೆ ಸುತ್ತಿಗೆ

1914ರ ಸೇತುವೆ ರಿವೆಟ್ಟಿನ ಸೇತುವೆ. ಕಾಯಿಸಿ ಬಡಿದ ರಿವೆಟ್ ತಣಿಯುವಾಗ ಕುಗ್ಗಿ ತಗಡುಗಳನ್ನು ಬಿಗಿಹಿಡಿಯುತ್ತದೆ. ಆ ಬಿಗಿ ಹೋದರೆ ರಿವೆಟ್ ಕಾಣಲು ಇದ್ದರೂ ಇಲ್ಲದ ಹಾಗೆ.

ಪರೀಕ್ಷೆ ಹಳೆಯದು, ಇವತ್ತಿಗೂ ಇದಕ್ಕಿಂತ ಬೇಗದ್ದು ಇಲ್ಲ. ಎಡಗೈಯ ತೋರುಬೆರಳನ್ನು ಅರ್ಧ ರಿವೆಟ್ ತಲೆಯ ಮೇಲೆ, ಅರ್ಧ ತಗಡಿನ ಮೇಲೆ ಇಡಿ. ಬಲಗೈಯಲ್ಲಿ ಸಣ್ಣ ಸುತ್ತಿಗೆಯಿಂದ ತಲೆಯ ಇನ್ನೊಂದು ಪಕ್ಕಕ್ಕೆ ಹಗುರವಾಗಿ ಹೊಡೆಯಿರಿ. ಬಿಗಿಯಾದ ರಿವೆಟ್ ಗಂಟೆಯಂತೆ ಚೊಕ್ಕ ಸದ್ದು ಕೊಡುತ್ತದೆ, ಬೆರಳಿಗೆ ಏನೂ ತಿಳಿಯುವುದಿಲ್ಲ. ಸಡಿಲವಾದದ್ದು ಒಡೆದ ಮಡಕೆಯ ಸದ್ದು ಕೊಡುತ್ತದೆ, ಬೆರಳ ತುದಿಗೆ ಕೂದಲೆಳೆಯಷ್ಟು ಅಲುಗಾಟ ಸಿಗುತ್ತದೆ. ಹೊಡೆಯುವ ಮೊದಲೇ ಕಣ್ಣಿಗೂ ಒಂದು ಸುಳಿವು ಉಂಟು: ರಿವೆಟ್ ತಲೆಯ ಕೆಳಗಿನಿಂದ ಬಣ್ಣದ ಮೇಲೆ ಇಳಿದ ಕೆಂಪು ಗೀರು. ರೈಲು ಹೋದಾಗಲೆಲ್ಲ ಆ ರಿವೆಟ್ ಅಲುಗಿ, ಅರೆದ ತುಕ್ಕನ್ನು ಹೊರಗೆ ಉಗುಳುತ್ತಿದೆ ಎಂದರ್ಥ.

ಒಂದು ಗುಂಪಿನಲ್ಲಿ ಒಂದು ರಿವೆಟ್ ಸಡಿಲವಾದರೆ ಅದರ ಪಾಲಿನ ಭಾರವನ್ನು ಅಕ್ಕಪಕ್ಕದವು ಹೊರುತ್ತವೆ. ಹಾಗಾಗಿ ಸಡಿಲವಾದದ್ದನ್ನು ಗುರುತು ಹಾಕಿ ಮುಂದೆ ಹೋಗಬೇಡಿ. ಸುತ್ತಲಿನ ಅಷ್ಟನ್ನೂ ಬಡಿದು, ತಗಡಿನ ತೂತಿನ ಅಂಚಿನಿಂದ ಬಿರುಕು ಹೊರಟಿದೆಯೇ ನೋಡಿ. ಬಿರುಕು ಬಣ್ಣದ ಮೇಲೆ ಪೆನ್ಸಿಲಿನಿಂದ ಎಳೆದ ಸಣ್ಣ ಕಂದು ಗೆರೆಯಂತೆ ಕಾಣುತ್ತದೆ. ಸಂಶಯವಿದ್ದರೆ ಬಣ್ಣ ತೆಗೆದು, ಬಿರುಕಿನೊಳಗೆ ಇಳಿಯುವ ಕೆಂಪು ದ್ರವ ಹಚ್ಚಿ, ಒರೆಸಿ, ಬಿಳಿ ಪುಡಿ ಸಿಂಪಡಿಸಿ. ಬಿರುಕಿದ್ದರೆ ಕೆಂಪು ಗೆರೆ ತಾನಾಗಿ ಮೇಲೆ ಬರುತ್ತದೆ.

ಸದ್ದು ಕೇಳಿದರೆ ಸದ್ದನ್ನು ಅಡಗಿಸಬೇಡಿ

ಇದಕ್ಕೆ ಪಾಂಬನ್ ಬಿಟ್ಟು ಸ್ಕಾಟ್ಲೆಂಡಿಗೆ ಹೋಗಬೇಕು. ಟೇ ನದಿಯ ಅಳಿವೆಯ ಮೇಲೆ ತಾಮಸ್ ಬೌಚ್ ಕಟ್ಟಿದ ರೈಲು ಸೇತುವೆ 1878ರಲ್ಲಿ ಸಂಚಾರಕ್ಕೆ ತೆರೆಯಿತು. ಅದರ ತಪಾಸಣೆಗೆ ನೇಮಕವಾದ ಹೆನ್ರಿ ನೋಬಲ್ ಗಾರೆ ಕೆಲಸ ಬಲ್ಲವರು. ಅವರ ಮುಖ್ಯ ಕೆಲಸ ಕಂಬಗಳ ಬುಡದಲ್ಲಿ ಮಣ್ಣು ಕೊರೆಯುತ್ತಿದೆಯೇ ಎಂದು ನೋಡುವುದು. ಕಂಬಗಳ ಮೇಲ್ಭಾಗದಲ್ಲಿ, ಕಬ್ಬಿಣದ ಅಡ್ಡಪಟ್ಟಿಗಳು ಸೇರುವಲ್ಲಿ ಕಟಕಟ ಸದ್ದು ಕೇಳಿ, ಬೆಣೆಗಳು ಸಡಿಲವಾಗಿರುವುದನ್ನು ಅವರೇ ಪತ್ತೆಹಚ್ಚಿದರು. ಮಾಡಿದ ಮದ್ದು ಮಾತ್ರ ತಪ್ಪಾಯಿತು. ತೆರಪಿಗೆ ಕಬ್ಬಿಣದ ಚೂರುಗಳನ್ನು ತುರುಕಿ ಸದ್ದು ನಿಲ್ಲಿಸಿದರು, ಬೌಚ್ ಅವರಿಗೆ ವರದಿ ಮಾಡಲಿಲ್ಲ. ಪಟ್ಟಿ ಹಿಗ್ಗಿದ ಸ್ಥಿತಿಯಲ್ಲೇ ಕೂತುಬಿಟ್ಟಿತು, ಬಿಗಿ ಮರಳಿ ಬರಲಿಲ್ಲ. 1879ರ ಡಿಸೆಂಬರ್ 28ರ ಬಿರುಗಾಳಿಯ ರಾತ್ರಿ ನಡುವಿನ ಎತ್ತರದ ಗರ್ಡರುಗಳು ರೈಲಿನ ಸಮೇತ ನೀರಿಗೆ ಬಿದ್ದವು. ರೈಲಿನಲ್ಲಿದ್ದ ಒಬ್ಬರೂ ಬದುಕಲಿಲ್ಲ. ವಿಚಾರಣೆಯಲ್ಲಿ ವಿನ್ಯಾಸ, ನಿರ್ಮಾಣ, ನಿರ್ವಹಣೆ ಮೂರರಲ್ಲೂ ದೋಷವಿತ್ತೆಂದು ಹೊರಬಂತು.

ನೋಬಲ್ ಅವರನ್ನು ದೂರಲು ನನಗೆ ಮನಸ್ಸಿಲ್ಲ. ಉಳಿದವರು ಕೇಳದ ಸದ್ದನ್ನು ಅವರು ಕೇಳಿದರು, ತಮ್ಮ ಕೈಲಾದದ್ದನ್ನು ಮಾಡಿದರು. ಆದರೆ ಹೊಸದಾಗಿ ಸೇರಿದ ಪ್ರತಿಯೊಬ್ಬ ಹುಡುಗನಿಗೂ ನಾನು ಈ ಕಥೆ ಹೇಳುತ್ತೇನೆ. ತೆರಪಿಗೆ ಚೂರು ತುರುಕುವ ಮೊದಲು ತೆರಪು ಎಷ್ಟಿದೆ, ಏಕೆ ಬಂತು, ಕಳೆದ ತಿಂಗಳು ಎಷ್ಟಿತ್ತು ಎಂದು ಬರೆದು ಮೇಲಿನವರಿಗೆ ತಲುಪಿಸಬೇಕು.

ಬುಡ ಮತ್ತು ಬೇರಿಂಗು

ಇವೆರಡು ಬೇಗ ಮುಗಿಯುತ್ತವೆ. ಕಂಬದ ಬುಡದ ಮಣ್ಣು ಕೊರೆದಿದೆಯೇ ಎಂದು ನೋಡಲು ಗುಂಡು ಕಟ್ಟಿದ ಹಗ್ಗ ಸಾಕು. ಉಬ್ಬರವೂ ಇಳಿತವೂ ನಿಂತ ಆ ಹದಿನೈದು ಇಪ್ಪತ್ತು ನಿಮಿಷದಲ್ಲಿ, ಪ್ರತಿ ಸಲವೂ ಅದೇ ಗುರುತಿನಿಂದ, ಕಂಬದ ಎರಡೂ ಬದಿ ಅಳೆಯಿರಿ. ಬೇರಿಂಗು, ಅಂದರೆ ಬಿಸಿಗೆ ಹಿಗ್ಗಿದ ಗರ್ಡರು ಕಂಬದ ತಲೆಯ ಮೇಲೆ ಜಾರಲು ಬಿಡುವ ಆಸರೆ, ಜಾಮ್ ಆಗಿದೆಯೇ ಎಂದು ತಿಳಿಯಲು ಬೆಳಗಿನ ಜಾವ ಒಂದು ಗೀರು, ಮಧ್ಯಾಹ್ನ ಒಂದು ಗೀರು ಎಳೆಯಿರಿ. 12 ಮೀಟರಿನ ಗರ್ಡರ್ 30 ಡಿಗ್ರಿ ಬಿಸಿಯಾದರೆ ನಾಲ್ಕು ಮಿಲಿಮೀಟರಿನಷ್ಟು ಉದ್ದವಾಗಬೇಕು. ಗೀರುಗಳು ಒಂದರ ಮೇಲೊಂದು ಬಿದ್ದಿದ್ದರೆ ಆ ನಾಲ್ಕು ಮಿಲಿಮೀಟರ್ ಕಂಬದ ತಲೆಯನ್ನು ದೂಡುತ್ತಿದೆ.

ತೆರೆಯುವ ಭಾಗ: ಇಲ್ಲಿ ಸಮಯ ಕೊಡಿ

ಪಾಂಬನ್ ಸೇತುವೆಯನ್ನು ಕೊನೆಗೆ ನಿಲ್ಲಿಸಿದ್ದು ಇದು. ಅದೇಕೆ ಎಂದು ವಿವರವಾಗಿ ನೋಡೋಣ.

ಸಾಮಾನ್ಯ ಗರ್ಡರಿಗೆ ಎರಡು ಕಡೆ ಆಸರೆಯಿದೆ. ಶೆರ್ಜರ್ ಮಾದರಿಯಲ್ಲಿ ಒಂದೊಂದು ರೆಕ್ಕೆಯೂ ತನ್ನ ಬಾಗಿದ ಹಿಂಬದಿಯ ಮೇಲೆ ನಿಂತು, ಮೂತಿಯನ್ನು ನೀರಿನ ಮೇಲೆ ಚಾಚಿರುತ್ತದೆ. ಎರಡು ಮೂತಿಗಳು ನಡುವೆ ಕೂಡುವಲ್ಲಿ ಅವನ್ನು ಕೊಂಡಿಯಿಂದ ಬಂಧಿಸುತ್ತಾರೆ. ರೈಲಿನ ಗಾಲಿ ಒಂದು ಮೂತಿಯಿಂದ ಇನ್ನೊಂದಕ್ಕೆ ದಾಟುವ ಕ್ಷಣದಲ್ಲಿ ಮೊದಲನೆಯದು ಮೇಲೇಳಲು, ಎರಡನೆಯದು ಕೆಳಗಿಳಿಯಲು ನೋಡುತ್ತದೆ. ಕೊಂಡಿ ಬಿಗಿಯಾಗಿದ್ದರೆ ಎರಡೂ ಒಟ್ಟಿಗೆ ಬಾಗುತ್ತವೆ. ಒಂದೆರಡು ಮಿಲಿಮೀಟರ್ ಸವೆದಿದ್ದರೂ ಪ್ರತಿ ಗಾಲಿಯೂ ಸುತ್ತಿಗೆಯಾಗುತ್ತದೆ, ಆ ಪೆಟ್ಟು ಹಿಂದಿನ ರಿವೆಟ್ಟುಗಳವರೆಗೆ ಹೋಗುತ್ತದೆ.

ನಾನು ಆ ರೈಲಿನಲ್ಲಿ ಬಾಗಿಲ ಬಳಿ ನಿಂತು ಹೋದದ್ದು ಇನ್ನೂ ಕಿವಿಯಲ್ಲಿದೆ. ಆಮೆಯ ನಡಿಗೆ. ಸಣ್ಣ ಗರ್ಡರುಗಳ ಮೇಲೆ ಒಂದೇ ಲಯದ ಸದ್ದು. ಪಕ್ಕದ ಅಜ್ಜಿ ಕಡಲಿಗೆ ನಾಣ್ಯ ಎಸೆದು ಕೈಮುಗಿದರು. ಶೆರ್ಜರ್ ಹತ್ತುತ್ತಿದ್ದಂತೆ ಸದ್ದು ಟೊಳ್ಳಾಯಿತು, ನಟ್ಟನಡುವೆ ಗಾಲಿಗೊಂದು ಪೆಟ್ಟು ಸ್ಪಷ್ಟವಾಗಿ ಅಂಗಾಲಿಗೆ ತಾಗಿತು. ಪ್ರಯಾಣಿಕನ ಅಂಗಾಲಿಗೆ ತಾಗುವ ಪೆಟ್ಟು ಉಕ್ಕಿಗೆ ಹೇಗೆ ತಾಗುತ್ತಿರಬೇಕು ಎಂದು ದ್ವೀಪ ಮುಟ್ಟುವವರೆಗೂ ಯೋಚಿಸಿದ್ದೆ.

ತೆರೆಯುವ ಸೇತುವೆಯನ್ನು ಪರೀಕ್ಷಿಸುವಾಗ ನಾನು ಅನುಸರಿಸುವ ಕ್ರಮ ಹೀಗಿದೆ. ಮುಚ್ಚಿದ ಸ್ಥಿತಿಯಲ್ಲಿ, ಬೆಳಿಗ್ಗೆ ತಂಪು ಹೊತ್ತಿನಲ್ಲಿ, ಎರಡು ಮೂತಿಗಳ ನಡುವಿನ ತೆರಪನ್ನು ಎಡ, ಬಲ, ಮೇಲೆ, ಕೆಳಗೆ ಅಳೆಯುತ್ತೇನೆ. 61 ಮೀಟರಿನ ಉಕ್ಕು 30 ಡಿಗ್ರಿಗೆ ಸುಮಾರು 22 ಮಿಲಿಮೀಟರ್ ಹಿಗ್ಗುತ್ತದೆ. ಹೊತ್ತು ಬರೆಯದೆ ತೆರಪು ಬರೆದರೆ ಆ ಅಂಕಿ ಕಸದ ಬುಟ್ಟಿಗೆ. ಎಡಬಲಗಳಲ್ಲಿ ವ್ಯತ್ಯಾಸವಿದ್ದರೆ ರೆಕ್ಕೆ ತಿರುಚಿದೆ, ಅಥವಾ ಒಂದು ಬದಿಯ ಉರುಳುಪಟ್ಟಿ (ರೆಕ್ಕೆಯ ಬಾಗಿದ ಹಿಂಬದಿ ಉರುಳುವ ಉಕ್ಕಿನ ಹಾಸು) ಸವೆದಿದೆ. ಆಮೇಲೆ ರೆಕ್ಕೆಯನ್ನು ಎತ್ತಿಸಿ, ಸನ್ನೆಕೋಲು ತಿರುಗಿಸುವವರನ್ನು ಕೇಳುತ್ತೇನೆ: "ಅಣ್ಣಾ, ಎಲ್ಲಿ ಬಿಗಿಯಾಗುತ್ತದೆ? ಮೊದಲಿಗಿಂತ ಭಾರವೇ, ಹಗುರವೇ?" ಅವರ ತೋಳುಗಳಿಗಿಂತ ಸೂಕ್ಷ್ಮವಾದ ಅಳತೆಗೋಲು ನನ್ನ ಪೆಟ್ಟಿಗೆಯಲ್ಲಿಲ್ಲ. ಇಡೀ ಸುತ್ತಿನಲ್ಲಿ ಭಾರ ಹೆಚ್ಚಿದ್ದರೆ ತೂಕದ ಸಮತೋಲ ತಪ್ಪಿದೆ. ಹೊಸ ಹಳಿ, ಹೊಸ ಸ್ಲೀಪರ್, ಪದರಗಟ್ಟಿದ ಬಣ್ಣ ಮುಂಭಾಗದ ತೂಕ ಹೆಚ್ಚಿಸಿರುತ್ತವೆ. ಒಂದೇ ಜಾಗದಲ್ಲಿ ಬಿಗಿಯಾದರೆ ಆ ಜಾಗದಲ್ಲಿ ಹಲ್ಲುಚಕ್ರದ ಹಲ್ಲು ಮುರಿದಿದೆ ಅಥವಾ ಉರುಳುಪಟ್ಟಿಯಲ್ಲಿ ಗುಂಡಿ ಬಿದ್ದಿದೆ. ಕೊನೆಗೆ, ಎತ್ತಿದಾಗ ಮಾತ್ರ ಕಾಣುವ ಹಿಂಬದಿಯ ಸಂದುಗಳಲ್ಲಿ ಟಾರ್ಚು ಹಿಡಿಯುತ್ತೇನೆ. ಗ್ರೀಸು ಉಪ್ಪು ಮರಳಿನ ಜೊತೆ ಸೇರಿ ಅರೆಯುವ ಕಲ್ಲಾಗಿರುವುದು ಅಲ್ಲೇ.

2018ರ ಡಿಸೆಂಬರಿನಲ್ಲಿ ಪಾಂಬನ್‌ನ ಈ ಭಾಗದಲ್ಲಿ ದೋಷ ಕಂಡುಬಂದು, ರೈಲುಗಳನ್ನು ಮಂಡಪಂನಲ್ಲೇ ನಿಲ್ಲಿಸಿ, ಮುಂದೆ ಯಾತ್ರಿಕರು ರಸ್ತೆಯ ಮೂಲಕ ಹೋಗಬೇಕಾಯಿತು. ಸುಮಾರು ಮೂರು ತಿಂಗಳ ದುರಸ್ತಿಯ ನಂತರ ಸಂಚಾರ ಮರಳಿತು. 2019ರ ಮಾರ್ಚಿನಲ್ಲೇ ಹೊಸ ಸೇತುವೆಗೆ ಅಡಿಗಲ್ಲು ಬಿತ್ತು. 2022ರ ಕೊನೆಗೆ ಅದೇ ಭಾಗದ ತುಕ್ಕು ಮಿತಿ ಮೀರಿತೆಂದು ಹಳೆಯ ಸೇತುವೆ ಮುಚ್ಚಿತು.

ದುರಸ್ತಿಯೋ, ನಿಲುಗಡೆಯೋ?

ಇದನ್ನು ತೀರ್ಮಾನಿಸಲು ನನಗೆ ಸಹಾಯ ಮಾಡುವುದು ಎರಡು ಪ್ರಶ್ನೆ. ದುರಸ್ತಿಯ ನಡುವಿನ ಅಂತರ ಕಡಿಮೆಯಾಗುತ್ತ ಬಂದಿದೆಯೇ? ಸವೆದ ಭಾಗ ಬದಲಿಸಬಹುದಾದದ್ದೇ? ಸಣ್ಣ ಗರ್ಡರನ್ನು ರಾತ್ರಿ ಬೆಳಗಾಗುವುದರೊಳಗೆ ಬದಲಿಸಬಹುದು. ಶೆರ್ಜರ್ ರೆಕ್ಕೆಯ ಬೆನ್ನನ್ನು ಬದಲಿಸಬೇಕಾದರೆ ರೆಕ್ಕೆಯನ್ನೇ ಕಳಚಬೇಕು. ಎರಡೂ ಉತ್ತರಗಳು ಕೆಟ್ಟದಾಗಿದ್ದರೆ ವೇಗ ಇಳಿಸುವುದು, ಭಾರ ಇಳಿಸುವುದು, ಆಮೇಲೆ ನಿಲ್ಲಿಸುವುದು. ಪಾಂಬನ್‌ನಲ್ಲಿ ಯಾವ ಜೀವವೂ ಹೋಗುವ ಮೊದಲೇ ನಿಲ್ಲಿಸಿದರು. ಅದು ಸರಿಯಾದ ತೀರ್ಮಾನವಾಗಿತ್ತು.

2025ರ ಏಪ್ರಿಲ್ 6ರಂದು ತೆರೆದ ಹೊಸ ಸೇತುವೆಯಲ್ಲಿ ಹಳೆಯ ಒಂದೊಂದು ದೋಷಕ್ಕೂ ಉತ್ತರ ಹುಡುಕಿದ್ದಾರೆ. ಅದು ಹಳೆಯದಕ್ಕಿಂತ 3 ಮೀಟರ್ ಎತ್ತರ. ಬಿಡಿ ಗರ್ಡರುಗಳ ಉದ್ದ 18.3 ಮೀಟರ್, ಆದ್ದರಿಂದ ಕಂಬಗಳೂ ಸಂದುಗಳೂ ಕಡಿಮೆ. ನಡುವೆ 72.5 ಮೀಟರಿನ ಒಂದೇ ತುಂಡು ನೇರವಾಗಿ 17 ಮೀಟರ್ ಮೇಲೇಳುತ್ತದೆ. ಎರಡು ಮೂತಿ ಕೂಡುವ ಆ ಸಂದು ಇಲ್ಲವೇ ಇಲ್ಲ. ರಿವೆಟ್ಟಿನ ಬದಲು ವೆಲ್ಡಿಂಗ್, ಕಾಂಕ್ರೀಟಿನೊಳಗೆ ಸ್ಟೇನ್‌ಲೆಸ್ ಸರಳು, ಉಕ್ಕಿಗೆ ತುಕ್ಕು ತಡೆಯುವ ಪಾಲಿಸಿಲಾಕ್ಸೇನ್ ಬಣ್ಣ. ಆದರೂ 2024ರ ನವೆಂಬರಿನಲ್ಲಿ ರೈಲ್ವೆ ಸುರಕ್ಷತಾ ಆಯುಕ್ತರ ವರದಿ, ಸಂಚಾರ ಶುರುವಾಗುವ ಮೊದಲೇ, ತುಕ್ಕಿನ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು. ಅಲ್ಲಿನ ಗಾಳಿ ಹೊಸದು ಹಳೆಯದು ಎಂದು ನೋಡುವುದಿಲ್ಲ.

ಬರೆದಿಡುವುದು

ಕೊನೆಯ ಕೆಲಸ, ಬಹಳ ಮಂದಿ ಬಿಟ್ಟುಬಿಡುವ ಕೆಲಸ. ಪ್ರತಿ ತಪಾಸಣೆಗೂ ತಾರೀಖು, ಹೊತ್ತು, ಉಬ್ಬರವೋ ಇಳಿತವೋ, ಉಕ್ಕಿನ ಬಿಸಿ, ಗಾಳಿಯ ದಿಕ್ಕು ಬರೆಯಿರಿ. ಗರ್ಡರಿಗೆ ಯಾವ ತುದಿಯಿಂದ ಎಣಿಸಿ ಸಂಖ್ಯೆ ಕೊಟ್ಟಿದ್ದೀರಿ ಎಂಬುದು ಮೊದಲ ಪುಟದಲ್ಲಿರಲಿ. ಎರಡು ವರ್ಷದ ವರದಿಗಳು ಎರಡು ತುದಿಯಿಂದ ಎಣಿಸಿದ್ದನ್ನು ನಾನು ಕಂಡಿದ್ದೇನೆ. ದಪ್ಪ ಅಳೆದ ಜಾಗಕ್ಕೆ ಬಣ್ಣದಲ್ಲಿ ಸಣ್ಣ ವೃತ್ತ ಹಾಕಿ, ಮುಂದಿನ ಸಲವೂ ಅಲ್ಲೇ ಅಳೆಯಿರಿ. ಬಿರುಕಿನ ಎರಡೂ ತುದಿಗೆ ಉಳಿಯಿಂದ ಚುಕ್ಕೆ ಹೊಡೆದು ಪಕ್ಕದಲ್ಲಿ ತಾರೀಖು ಬರೆಯಿರಿ. ತಿಂಗಳ ನಂತರ ಹೋಗಿ, ಬಿರುಕು ಚುಕ್ಕೆಯನ್ನು ದಾಟಿದೆಯೇ ಎಂದು ಬೆರಳಿಟ್ಟು ನೋಡಿ. ದಾಟಿದ್ದರೆ ಅಂದೇ ಸಂಚಾರ ನಿಲ್ಲಿಸಲು ಬರೆಯಿರಿ.